ಕಡಿಮೆ ಬೆಲೆಯ, ಎರಡು ಮೂರು ವರ್ಷ ಪೀಪಾಯಿಯಲ್ಲಿಟ್ಟ ರಮ್ ಚೆನ್ನಾಗಿದೆಯೇ ಎಂದು ಕುಡಿದು ತಿಳಿಯುವುದು ಹೇಗೆ?

ಬಣ್ಣ ನೋಡಿ ಮರುಳಾಗಬೇಡಿ. ಕ್ಯಾರಮೆಲ್ ಬೆರೆಸಿದರೂ ಗಾಢ ಕಂದು ಬರುತ್ತದೆ.

ಬಾಯಿ ಕಿರಿದಾದ ಗ್ಲಾಸಿಗೆ ಸ್ವಲ್ಪ ಹಾಕಿ, ಐಸ್ ಇಲ್ಲದೆ ಹತ್ತು ನಿಮಿಷ ಸುಮ್ನೆ ಬಿಡಿ. ಮೂಗನ್ನು ಒಳಗೆ ತೂರಿಸದೆ, ತುಸು ದೂರದಿಂದ ಮೂಸಿ. ಬಾಳೆಹಣ್ಣು, ಅನಾನಸ್ ತರಹದ ಪರಿಮಳ ಹೆಚ್ಚಾಗಿ ಹುದುಗುವಾಗ ಹುಟ್ಟಿದ್ದು. ವೆನಿಲಾ, ತೆಂಗಿನಕಾಯಿಯ ಪರಿಮಳ ಪೀಪಾಯಿಯ ಓಕ್ ಮರದ್ದು. ಎಳೆಯ ರಮ್‌ನಲ್ಲಿ ಹಣ್ಣಿನದೇ ಜೋರಾಗಿದ್ದರೆ ಅದು ಕೊರತೆಯಲ್ಲ. ನನಗಂತೂ ಅದೇ ಜಾಸ್ತಿ ಇಷ್ಟ.

ಮೊದಲ ಗುಟುಕು ನಾಲಿಗೆ ಒಗ್ಗಲಿಕ್ಕೆ. ಎರಡನೆಯದರಲ್ಲಿ ತೀರ್ಮಾನ ಮಾಡಿ. ವಯಸ್ಸು ಕಡಿಮೆ, ಸ್ವಲ್ಪ ಉರಿ ಇದ್ದೇ ಇರುತ್ತದೆ. ಉರಿ ಇಳಿದ ಮೇಲೆ ಏನು ಉಳಿಯಿತು ಅನ್ನುವುದೇ ಮುಖ್ಯ. ಕಾಕಂಬಿ, ಮರ, ಮಸಾಲೆಯ ರುಚಿ ಕೆಲಹೊತ್ತು ನಿಂತರೆ ಧೈರ್ಯವಾಗಿ ಕೊಳ್ಳಿ. ಬರೀ ಸಿಹಿ ಉಳಿದರೆ ಅನುಮಾನಪಡಿ. ಬಟ್ಟಿ ಇಳಿಸುವಾಗ ಸಕ್ಕರೆ ಹಿಂದೆಯೇ ಉಳಿಯುತ್ತದೆ, ಅಲ್ವಾ? ಹಾಗಾಗಿ ಸಕ್ಕರೆ ಪಾಕದಂಥ ಸಿಹಿ ಆಮೇಲೆ ಸೇರಿಸಿದ್ದೇ. ತಟ್ಟೆಯ ಮೇಲೆ ನಾಲ್ಕು ಹನಿ ಒಣಗಲು ಬಿಡಿ. ಅಂಟಂಟಾದರೆ ಗೊತ್ತಾಗುತ್ತದೆ.

ಕೊನೆಗೆ ಎರಡು ಹನಿ ನೀರು ಹಾಕಿ ಮತ್ತೆ ಮೂಸಿ. ಒಳ್ಳೆಯ ರಮ್ ಆಗ ಇನ್ನಷ್ಟು ಅರಳುತ್ತದೆ.