ತಂತಿಗೆ ಬೀಗ, ಗಾಳಿಗೆ ಬಾಗಿಲು

ಅಮೆರಿಕದ ಕೊಲರಾಡೋದ ಸಣ್ಣ ಊರಿನಿಂದ ಓದುಗರೊಬ್ಬರು ಬರೆದಿದ್ದಾರೆ: “ನಮ್ಮೂರಿನ ಪುಟ್ಟ ವೈರ್‌ಲೆಸ್ ಕಂಪನಿಯ ಇಂಟರ್ನೆಟ್ ಬಳಸುತ್ತಿದ್ದೇನೆ. ಈಗ ದೊಡ್ಡ ಕೇಬಲ್ ಕಂಪನಿ ಮೊದಲ ವರ್ಷ ಅರ್ಧ ದರಕ್ಕೆ ಕೊಡುತ್ತದಂತೆ. ಚಿಕ್ಕವರೆಂಬ ಕನಿಕರಕ್ಕೆ ಜಾಸ್ತಿ ದುಡ್ಡು ಯಾಕೆ ಕೊಡಲಿ? ಮಾರುಕಟ್ಟೆಯಲ್ಲಿ ಗೆದ್ದವರು ಉಳಿಯಲಿ, ಅಲ್ವಾ?”

ಉತ್ತರ: ಕೇಬಲ್‌ನ ವೇಗ ಜಾಸ್ತಿ, ಒಪ್ಪಿದೆ. ಮರ ಅಡ್ಡ ಬಂದು ಸಿಗ್ನಲ್ ಕುಗ್ಗುವ ಕಾಟವೂ ಅದಕ್ಕಿಲ್ಲ. ಆದರೆ ‘ಗೆದ್ದವರು ಉಳಿಯಲಿ’ ಎಂಬ ಮಾತು ನಿಮ್ಮಂಥ ತಿಳಿದವರಿಂದ ಬರಬಾರದಿತ್ತು.

ಆ ಮಾರುಕಟ್ಟೆಯೊಳಗೆ ಚಿಕ್ಕವರನ್ನು ಬಿಟ್ಟಿದ್ದು ಯಾವಾಗ? ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಬ್ರ್ಯಾಂಡ್ ಎಕ್ಸ್ ಎಂಬ ಸಣ್ಣ ಇಂಟರ್ನೆಟ್ ಕಂಪನಿಯಿತ್ತು. ಕೇಬಲ್ ತಂತಿಯ ಮೇಲೆ ನಮಗೂ ಜಾಗ ಸಿಗಬೇಕು ಎಂದು ಅದು ಕೋರ್ಟಿಗೆ ಹೋಯಿತು. ಕೇಬಲ್ ಇಂಟರ್ನೆಟ್ ಬರೀ ‘ಮಾಹಿತಿ ಸೇವೆ’, ತಂತಿಯನ್ನು ಬೇರೆಯವರಿಗೂ ಬಿಟ್ಟುಕೊಡಬೇಕೆಂಬ ಟೆಲಿಫೋನ್ ನಿಯಮ ಅದಕ್ಕಿಲ್ಲ ಎಂದು ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2002ರಲ್ಲಿ ಹೇಳಿಬಿಟ್ಟಿತ್ತು. 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 6–3ರಿಂದ ಅದನ್ನೇ ಎತ್ತಿಹಿಡಿಯಿತು. ಒಪ್ಪದ ನ್ಯಾಯಮೂರ್ತಿ ಸ್ಕಾಲಿಯಾ ಪಿಜ್ಜಾ ಅಂಗಡಿಯ ಉದಾಹರಣೆ ಕೊಟ್ಟರು: ಪಿಜ್ಜಾ ಮನೆಗೆ ತಂದುಕೊಡುವವನು ‘ನಾನು ಡೆಲಿವರಿ ಮಾಡುವುದೇ ಇಲ್ಲ’ ಎಂದರೆ ಯಾರು ನಂಬುತ್ತಾರೆ? ತಂತಿಯಲ್ಲಿ ಇಂಟರ್ನೆಟ್ ಸಾಗಿಸುವ ಕೇಬಲ್ ಕಂಪನಿಯ ಮಾತೂ ಹಾಗೇ. ಓದಿದಾಗಲೆಲ್ಲ ನನಗೆ ಅವರ ಕೈ ಕುಲುಕಬೇಕು ಅನಿಸುತ್ತದೆ.

ಚಿಕ್ಕವರಿಗೆ ಉಳಿದದ್ದು ಗಾಳಿ ಮಾತ್ರ. 900 ಮೆಗಾಹರ್ಟ್ಸ್, 2.4 ಮತ್ತು 5.8 ಗಿಗಾಹರ್ಟ್ಸ್ ರೇಡಿಯೊ ತರಂಗಗಳನ್ನು ಲೈಸೆನ್ಸ್ ಇಲ್ಲದೆ ಬಳಸಲು ಎಫ್‌ಸಿಸಿ 1985ರಲ್ಲೇ ಬಿಟ್ಟಿತ್ತು. ಅಷ್ಟೇ ಸಾಕಾಯಿತು. ನೀರಿನ ಟ್ಯಾಂಕು, ಕಾಳಿನ ಗೋದಾಮಿನ ತುದಿ, ಎಲ್ಲಿ ಎತ್ತರ ಸಿಕ್ಕರೆ ಅಲ್ಲಿ ಆಂಟೆನಾ ಕಟ್ಟಿದರು. ವ್ಯೋಮಿಂಗ್‌ನ ಲಾರಮಿಯಲ್ಲಿ ಲಾರಿಯಟ್ ಎಂಬ ಸಂಸ್ಥೆ 1990ರ ದಶಕದಲ್ಲೇ ಈ ಕೆಲಸ ಶುರುಮಾಡಿತು. ಮೈಲಿಗೊಂದು ಮನೆಯಿರುವ ಕಡೆ ತಂತಿ ಎಳೆದರೆ ಲಾಭವಿಲ್ಲ ಎಂದು ದೊಡ್ಡವರು ಸುಮ್ಮನಿದ್ದಾಗ, ಆ ಮನೆಗಳಿಗೆ ಇಂಟರ್ನೆಟ್ ತಲುಪಿಸಿದ್ದು ಇಂಥವರೇ. ಅವರು ಬೇಡುತ್ತಿರುವುದು ಕನಿಕರವಲ್ಲ ಸ್ವಾಮಿ.

ನಮ್ಮ ದೇಶದ ಕಥೆಯೂ ಬೇರೆಯಲ್ಲ. ತರಂಗಗಳು ಜನರ ಸ್ವತ್ತು ಎಂದು ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. 2.4 ಗಿಗಾಹರ್ಟ್ಸ್ ಲೈಸೆನ್ಸ್‌ನಿಂದ ಬಿಡುಗಡೆಯಾದದ್ದು 2005ರಲ್ಲಿ. 5 ಗಿಗಾಹರ್ಟ್ಸ್‌ನ ಬಹುಭಾಗ ಹೊರಾಂಗಣದಲ್ಲಿ ಬಳಸಲು ಸಿಗಬೇಕಾದರೆ 2018ರವರೆಗೆ ಕಾಯಬೇಕಾಯಿತು. ಮೊಬೈಲ್ ಸೇವೆಯ ತರಂಗಗಳಿಗೆ ಹರಾಜು. ಸಾವಿರಾರು ಕೋಟಿಯ ಆ ಹರಾಜಿನಲ್ಲಿ ತಾಲೂಕಿನ ಹುಡುಗನೊಬ್ಬ ಕೈ ಎತ್ತುವುದು ಹೇಗೆ? ನನ್ನ ಸಿಟ್ಟು ಇದೇ.

ನಿಮ್ಮ ವಿಚಾರಕ್ಕೆ ಬರುತ್ತೇನೆ. ಇಂಟರ್ನೆಟ್ ಕಂಪನಿಗಳು ರಿಯಾಯಿತಿ ಮುಗಿದ ಮೇಲಿನ ದರವನ್ನೂ ತಮ್ಮ ದರಪಟ್ಟಿಯ ಲೇಬಲ್‌ನಲ್ಲಿ ತೋರಿಸಬೇಕೆಂಬ ನಿಯಮ 2024ರಲ್ಲಿ ನಿಮ್ಮಲ್ಲಿ ಜಾರಿಗೆ ಬಂದಿದೆ. ಕೇಬಲ್‌ನವರಿಂದ ಅದನ್ನು ಕೇಳಿ ಪಡೆಯಿರಿ. ನಿಮ್ಮೂರಿನವರ ಬಿಲ್ ಪಕ್ಕದಲ್ಲಿಟ್ಟು ಎರಡನೇ ವರ್ಷದ ಲೆಕ್ಕ ಹಾಕಿ, ನನಗೂ ಬರೆದು ತಿಳಿಸಿ.