ಮೈಸೂರಿನ ಸಂಬಳದ ಮೇಲೆ ಅಮೆರಿಕದ ಗ್ರಾಂಟ್: ಮೊದಲ ವರ್ಷದ ಲೆಕ್ಕ, ಎರಡನೇ ವರ್ಷದ ಲೆಕ್ಕ

ನೀವು ಕೇಳಿರುವುದು ಇಷ್ಟು: ಅಣ್ಣ ಹಾಕಿದ್ದ ಎಫ್4 (ಅಮೆರಿಕದ ಪ್ರಜೆ ಒಡಹುಟ್ಟಿದವರಿಗಾಗಿ ಹಾಕುವ ವಲಸೆ) ಅರ್ಜಿಯ ಮೇಲೆ 2026ರ ಜನವರಿಯಲ್ಲಿ ನಾಲ್ವರೂ ಗ್ರೀನ್ ಕಾರ್ಡ್ ಹಿಡಿದು ಮೈಸೂರಿನಿಂದ ನ್ಯೂಜೆರ್ಸಿಗೆ ಬಂದಿದ್ದೀರಿ. ಮಗಳು ಹನ್ನೊಂದನೇ ಗ್ರೇಡ್, 2027ರ ಫಾಲ್‌ಗೆ ಕಾಲೇಜು. ಗ್ರಾಂಟ್ ಸಿಗಬೇಕಾದರೆ ಐದು ವರ್ಷ ಕಾಯಬೇಕು, ಪಡೆದರೆ ಸ್ಪಾನ್ಸರ್ ಮಾಡಿದ ಅಣ್ಣನ ತಲೆಗೆ ಬರುತ್ತದೆ ಎಂದು ಯಾರೋ ಹೆದರಿಸಿದ್ದಾರೆ.

ಎರಡೂ ಸುಳ್ಳು. ಐದು ವರ್ಷದ ತಡೆ ಇರುವುದು ದೊಡ್ಡವರ ಮೆಡಿಕೇಯ್ಡ್, ಫುಡ್ ಸ್ಟ್ಯಾಂಪ್‌ನಂಥವಕ್ಕೆ. ಗ್ರೀನ್ ಕಾರ್ಡ್ ಇರುವ ವಿದ್ಯಾರ್ಥಿಗೆ ಮರಳಿ ಕಟ್ಟಬೇಕಿಲ್ಲದ ಫೆಡರಲ್ ಪೆಲ್ ಗ್ರಾಂಟ್ ಮೊದಲ ದಿನದಿಂದಲೇ ತೆರೆದಿದೆ. ಅಣ್ಣ ಸಹಿ ಹಾಕಿದ ಐ-864 ಎಂಬ ಹೊಣೆಪತ್ರದ ಪ್ರಕಾರ ಸ್ಪಾನ್ಸರ್ ಮರಳಿ ಕಟ್ಟಬೇಕಾದ ನೆರವಿನ ಪಟ್ಟಿಯಲ್ಲಿ ವಿದ್ಯಾರ್ಥಿ ನೆರವು ಇಲ್ಲ. ಅಣ್ಣನ ಆದಾಯವನ್ನೂ ಯಾರೂ ಕೇಳುವುದಿಲ್ಲ. ಆದರೆ ನಿಮ್ಮ ನೆರೆಯ ಎಚ್-4 (ಎಚ್-1ಬಿ ಉದ್ಯೋಗಿಯ ಅವಲಂಬಿತರ ವೀಸಾ) ಮಕ್ಕಳ ಕಥೆ ಬೇರೆ. ಅವರಿಗೆ ಫೆಡರಲ್ ಗ್ರಾಂಟ್ ಇಲ್ಲವೇ ಇಲ್ಲ, ಅವರ ಮನೆಯವರ ಸಲಹೆ ನಿಮಗೆ ಹೊಂದುವುದಿಲ್ಲ.

ಈ ಗ್ರಾಂಟಿಗೆ ಹಾಕುವ ಫೆಡರಲ್ ಅರ್ಜಿಯ ಹೆಸರು ಫಾಫ್ಸಾ. ತುಂಬಲು ಕಾಸು ಬೇಕಿಲ್ಲ. ದುಡ್ಡು ಕೇಳುವ ತಾಣ ಸರ್ಕಾರದ್ದಲ್ಲ, ವಿಳಾಸದ ಕೊನೆಯಲ್ಲಿ ಡಾಟ್ ಗವ್ ಇದೆಯೇ ನೋಡಿಕೊಳ್ಳಿ. 2027-28ರ ಅರ್ಜಿ 2026ರ ಅಕ್ಟೋಬರ್ 1ಕ್ಕೆ ತೆರೆಯುತ್ತದೆ, ಅದು ಕೇಳುವುದು 2025ರ ಆದಾಯ. ಅಂದರೆ ನಿಮ್ಮ ಮೈಸೂರಿನ ಸಂಬಳ. ಈ ಎರಡು ವರ್ಷ ಹಿಂದಿನ ಕನ್ನಡಿ ಮೊದಲ ವರ್ಷ ನಿಮಗೆ ವರ, ಎರಡನೇ ವರ್ಷ ಆಘಾತ.

ಮೊದಲು ವರ. ವರ್ಷಕ್ಕೆ 12 ಲಕ್ಷ ರೂಪಾಯಿ ಎಂದರೆ ಡಾಲರಿಗೆ 90ರ ದರದಲ್ಲಿ ಸುಮಾರು 13,300. ತಂದೆ ತಾಯಿ ಒಟ್ಟಿಗಿರುವ ಮನೆಗೆ ಆದಾಯ ಬಡತನ ರೇಖೆಯ 175% ಒಳಗಿದ್ದರೆ ಪೂರ್ತಿ ಪೆಲ್. 2025ರ ರೇಖೆಯಲ್ಲಿ ನಾಲ್ವರ ಮನೆಗೆ ಅದು ಸುಮಾರು 56,000 ಡಾಲರ್. ಪೂರ್ತಿ ಪೆಲ್ ಎಂದರೆ ವರ್ಷಕ್ಕೆ 7,395 ಡಾಲರ್. ಕೆಲವು ವರ್ಷಗಳಿಂದ ಈ ಮೊತ್ತ ಕದಲಿಲ್ಲ. ಸೆಮಿಸ್ಟರಿಗೆ 12 ಕ್ರೆಡಿಟ್ ತೆಗೆದುಕೊಂಡರೆ ಮಾತ್ರ ಪೂರ್ತಿ, 9 ತೆಗೆದುಕೊಂಡರೆ ಮುಕ್ಕಾಲು.

ಭಾರತದ ರಿಟರ್ನ್ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಕಡತದಲ್ಲಿಲ್ಲ, ಹಾಗಾಗಿ ಅಂಕಿಗಳನ್ನು ಕೈಯಾರೆ ತುಂಬಬೇಕು. ಅಮೆರಿಕದ್ದಲ್ಲದ ತೆರಿಗೆ ರಿಟರ್ನ್ ಎಂದು ಗುರುತು ಹಾಕಿ, ಅರ್ಜಿ ತುಂಬುವ ದಿನದ ವಿನಿಮಯ ದರದಲ್ಲಿ ಡಾಲರಿಗೆ ತಿರುಗಿಸಿ, ಆ ದರ ಇರುವ ಪುಟವನ್ನು ಮುದ್ರಿಸಿ ಇಟ್ಟುಕೊಳ್ಳಿ. ನಮ್ಮ ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್; 2025ರ ಹೆಚ್ಚು ತಿಂಗಳು ಬೀಳುವುದು 2025-26ರಲ್ಲಿ, ಆದ್ದರಿಂದ ಆ ವರ್ಷದ ಐಟಿಆರ್ ಮತ್ತು ಫಾರ್ಮ್ 16 ಸಿದ್ಧವಿರಲಿ. ಇಂಥ ಅರ್ಜಿಯನ್ನು ಕಾಲೇಜು ಪರಿಶೀಲನೆಗೆ ಎತ್ತಿಕೊಂಡರೆ ಕೇಳುವುದು ಇವನ್ನೇ. ಭಾರತದಲ್ಲಿ ದಂಪತಿಗೆ ಜಂಟಿ ರಿಟರ್ನ್ ಇಲ್ಲವಲ್ಲ, ಹಾಗಾಗಿ ತಂದೆ ತಾಯಿ ಇಬ್ಬರೂ ಬೇರೆ ಬೇರೆ ಖಾತೆ ತೆರೆದು, ತೆರಿಗೆ ಮಾಹಿತಿ ತರಿಸಿಕೊಳ್ಳಲು ಇಬ್ಬರೂ ಒಪ್ಪಿಗೆಯ ಗುಂಡಿ ಒತ್ತಬೇಕು. ಇಲ್ಲಿ ರಿಟರ್ನ್ ಹಾಕಿಲ್ಲದಿದ್ದರೂ ಒಪ್ಪಿಗೆ ಬೇಕು. ಒಬ್ಬರದು ತಪ್ಪಿದರೆ ಎಸ್‌ಎಐ ಎಂಬ, ಮನೆಯ ಕೊಡುವ ಶಕ್ತಿಯನ್ನು ಅಳೆಯುವ ಅಂಕಿಯೇ ಹುಟ್ಟುವುದಿಲ್ಲ, ಅರ್ಜಿ ಅಲ್ಲೇ ನಿಲ್ಲುತ್ತದೆ. ತಂದೆ ಸಂಪಾದನೆಗೆಂದು ಮೈಸೂರಿಗೆ ಮರಳಿದ್ದರೂ ಅದು ಬೇರ್ಪಟ್ಟ ಸಂಸಾರವಲ್ಲ. ಅವರ ಆದಾಯವೂ ಸೇರುತ್ತದೆ.

ಖಾತೆ ತೆರೆಯುವಾಗ ಹೆಚ್ಚು ಜನ ಮುಗ್ಗರಿಸುವುದು ಹೆಸರಿನಲ್ಲಿ. ಇನಿಷಿಯಲ್ ಇಟ್ಟುಕೊಂಡು ಬೆಳೆದವರು ನಾವು. ಪಾಸ್‌ಪೋರ್ಟಿನ ಸರ್‌ನೇಮ್ ಜಾಗ ಖಾಲಿ ಇದ್ದವರಿಗೆ ಇಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂಬ ಮೂರಕ್ಷರವೇ ಮೊದಲ ಹೆಸರಾಗಿಬಿಡುತ್ತದೆ. ಶಾಲೆಯ ದಾಖಲೆಯಲ್ಲಿ ಏನೇ ಇರಲಿ, ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಇರುವಂತೆಯೇ ಬರೆಯಿರಿ. ಸೋಷಿಯಲ್ ಸೆಕ್ಯುರಿಟಿ ದಾಖಲೆಯೊಂದಿಗೆ ಹೆಸರು ತಾಳೆ ನೋಡಲು ಒಂದರಿಂದ ಮೂರು ದಿನ ಹಿಡಿಯುತ್ತದೆ. ಮಗಳ ಗ್ರೀನ್ ಕಾರ್ಡಿನಲ್ಲಿರುವ ಎ-ನಂಬರನ್ನು ಇಮಿಗ್ರೇಶನ್ ದಾಖಲೆಯೊಂದಿಗೆ ಹೋಲಿಸುವುದು ಇನ್ನೊಂದು ತಾಳೆ. ಖಾತೆಗಳನ್ನು ಸೆಪ್ಟೆಂಬರಿನಲ್ಲೇ ತೆರೆದಿಡಿ.

ಇನ್ನು ಆಸ್ತಿ, ಎಲ್ಲರೂ ಪಿಸುಮಾತಿನಲ್ಲಿ ಕೇಳುವ ಪ್ರಶ್ನೆ. ನೀವು ವಾಸವಿರುವ ಮನೆಯನ್ನು ಫಾಫ್ಸಾ ಎಣಿಸುವುದಿಲ್ಲ. ಆದರೆ ಈಗ ನೀವು ವಾಸವಿರುವುದು ಎಡಿಸನ್ನಿನ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ. ಮೈಸೂರಿನ ಮನೆ ಹೂಡಿಕೆ ಎನಿಸಿಕೊಳ್ಳುತ್ತದೆ. ಸೈಟು, ಎಫ್‌ಡಿ, ಷೇರು, ತೋಟದಲ್ಲಿ ನಿಮ್ಮ ಪಾಲು ಎಲ್ಲವೂ ಅದೇ ಕಂತೆ. ಬೆಲೆ ಬರೆಯುವಾಗ ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರವಲ್ಲ, ಇವತ್ತು ಮಾರಿದರೆ ಬರುವ ಬೆಲೆ, ಅದರ ಮೇಲಿನ ಸಾಲ ಕಳೆದು. ಮೈಮೇಲಿನ ಒಡವೆ, ಎಲ್‌ಐಸಿ ಪಾಲಿಸಿ, ಪಿಂಚಣಿ ನಿಧಿ ಇವು ಲೆಕ್ಕಕ್ಕಿಲ್ಲ. ಚಿನ್ನದ ಬಾಂಡ್ ಲೆಕ್ಕಕ್ಕಿದೆ. ಒಂದು ಲಕ್ಷ ಡಾಲರ್ ಬೆಲೆಯ ಮನೆ ಎಸ್‌ಎಐಗೆ ಹೆಚ್ಚೆಂದರೆ 5,640 ಸೇರಿಸುತ್ತದೆ, ಕಡಿಮೆ ಆದಾಯದವರಿಗೆ ಅದರ ಅರ್ಧಕ್ಕಿಂತ ಕಡಿಮೆ. ಅದೇ ಹಣ ಮಗಳ ಹೆಸರಿನ ಎಫ್‌ಡಿಯಲ್ಲಿದ್ದರೆ ನೇರ 20%, ಅಂದರೆ 20,000. ಮಗಳ ಹೆಸರಲ್ಲಿ ಕೂಡಿಡುವ ನಮ್ಮ ಒಳ್ಳೆಯ ಅಭ್ಯಾಸಕ್ಕೆ ಇಲ್ಲಿ ದಂಡ! ಎಸ್‌ಎಐ ಪೆಲ್‌ನ ಎರಡರಷ್ಟು, ಅಂದರೆ 14,790 ಮುಟ್ಟಿದರೆ ಈಗಿನ ಕಾನೂನಿನಲ್ಲಿ ಪೆಲ್ ಇಲ್ಲ. ಊರಿನ ಮನೆಯನ್ನು ಯಾರು ನೋಡುತ್ತಾರೆ ಎಂದು ಮುಚ್ಚಿಡಬೇಡಿ. ಸುಳ್ಳು ಬರೆದರೆ 20,000 ಡಾಲರ್‌ವರೆಗೆ ದಂಡ, ಜೈಲು, ಅಥವಾ ಎರಡೂ ಎಂದು ಅರ್ಜಿಯಲ್ಲೇ ಬರೆದಿದೆ. ಬಾಡಿಗೆ ಬರುತ್ತಿದ್ದರೆ ಇಲ್ಲಿನ ರಿಟರ್ನಿನಲ್ಲಿ ಅದು ಹೇಗೂ ಕಾಣಿಸಿಕೊಳ್ಳುತ್ತದೆ.

ಈಗ ಎರಡನೇ ವರ್ಷ. 2028-29ರ ಅರ್ಜಿ ನೋಡುವುದು 2026ರ ಆದಾಯ. ನ್ಯೂಜೆರ್ಸಿಯ ಕನಿಷ್ಠ ಕೂಲಿ 2026ಕ್ಕೆ ಗಂಟೆಗೆ 15.92, ಇಬ್ಬರೂ ಅಂಗಡಿಯಲ್ಲಿ ವಾರಕ್ಕೆ 40 ಗಂಟೆ ದುಡಿದರೆ ವರ್ಷಕ್ಕೆ ಸುಮಾರು 66,000. ಕೈಗೆ ಏನೂ ಉಳಿಯದ ದುಡಿಮೆ, ಆದರೂ 175%ರ ಗೆರೆ ದಾಟಿತು. ಆಗ ಪೆಲ್ ಎಂದರೆ 7,395ರಲ್ಲಿ ಎಸ್‌ಎಐ ಕಳೆದು ಉಳಿದದ್ದು: ಎಸ್‌ಎಐ 3,000 ಆದರೆ ಕೈಗೆ 4,395. ಊರಿನ ಮನೆ ನಿಜವಾಗಿ ಕಚ್ಚುವುದು ಈ ವರ್ಷದಿಂದ. ಆದ್ದರಿಂದ ಮೊದಲ ವರ್ಷದ ನೆರವಿನ ಪತ್ರ ನೋಡಿ ದುಬಾರಿ ಕಾಲೇಜಿಗೆ ಸೇರಿಸಬೇಡಿ. ಸೀಟು ಒಪ್ಪುವ ಮುಂಚೆ, ನೆರವು ಕಳೆದ ಮೇಲಿನ ಖರ್ಚನ್ನು ಅಂದಾಜಿಸುವ ಅದೇ ಕಾಲೇಜಿನ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರಿಗೆ ಇಲ್ಲಿನ ಸಂಬಳ ಕೊಟ್ಟು ಮತ್ತೊಮ್ಮೆ ಲೆಕ್ಕ ಹಾಕಿ.

ನಿಮ್ಮ ಕೈ ಹಿಡಿಯುವುದು ರಾಜ್ಯ. ಎರಡು ವರ್ಷದ ಕೌಂಟಿ ಕಾಲೇಜಿನಲ್ಲಿ ಎಜಿಐ (ತೆರಿಗೆ ರಿಟರ್ನಿನ ಹೊಂದಿಸಿದ ಒಟ್ಟು ಆದಾಯ) 65,000ದ ಒಳಗಿದ್ದರೆ ಟ್ಯೂಷನ್ ಮತ್ತು ಒಪ್ಪಿತ ಶುಲ್ಕ ಪೂರ್ತಿ ಮಾಫಿ. ಮುಂದೆ ರಟ್‌ಗರ್ಸ್‌ನಂಥ ರಾಜ್ಯ ಕಾಲೇಜಿನ ಮೂರನೇ, ನಾಲ್ಕನೇ ವರ್ಷಕ್ಕೆ ಗಾರ್ಡನ್ ಸ್ಟೇಟ್ ಗ್ಯಾರಂಟಿ ಇದೆ, ಅದರ ಗೆರೆಯೂ 65,000. ಮೇಲಿನ 66,000 ಆ ಗೆರೆಯಿಂದ ಒಂದೇ ಹೆಜ್ಜೆ ಆಚೆ. 401ಕೆ ಎಂಬ ನಿವೃತ್ತಿ ಉಳಿತಾಯಕ್ಕೆ ಪ್ರೀ-ಟ್ಯಾಕ್ಸ್ (ತೆರಿಗೆಗೆ ಮುಂಚೆ) ಆಗಿ ವರ್ಷಕ್ಕೆ 1,500 ಹಾಕಿದರೂ ಎಜಿಐ ಒಳಗೆ ಬರುತ್ತದೆ, ಆ ಕಂತನ್ನು ಫಾಫ್ಸಾ ಮರಳಿ ಕೂಡಿಸುವುದಿಲ್ಲ. ಡಿಸೆಂಬರ್ 31ರೊಳಗೆ ಸಂಬಳದಿಂದ ಮುರಿದಿರಬೇಕು, ಮುಂದಿನ ವರ್ಷ ನೆನಪಾದರೆ ಪ್ರಯೋಜನವಿಲ್ಲ.

ಟ್ಯಾಗ್ ಎಂಬ ರಾಜ್ಯ ಗ್ರಾಂಟಿಗೆ 12 ತಿಂಗಳ ವಾಸ ಬೇಕು. ನಿಮಗೆ ಅದು 2027ರ ಜನವರಿಗೆ ತುಂಬುತ್ತದೆ. ಬಾಡಿಗೆ ಕರಾರು, ಡ್ರೈವರ್ ಲೈಸೆನ್ಸ್ ಜೋಪಾನ. ಫಾಫ್ಸಾ ಕಳಿಸಿದ ಮೇಲೆ ರಾಜ್ಯದ ನೆರವಿನ ತಾಣವಾದ ಎನ್‌ಜೆಫ್ಯಾಮ್ಸ್‌ನಲ್ಲಿ ಬೇರೆ ಖಾತೆ ತೆರೆದು ರಾಜ್ಯದ ಪ್ರಶ್ನೆಗಳಿಗೂ ಉತ್ತರಿಸಬೇಕು. ಫಾಫ್ಸಾ ಮುಗಿಯಿತೆಂದು ಕೈತೊಳೆದುಕೊಂಡು ಇದನ್ನು ಮರೆಯುವವರು ಬಹಳ. ಹೊಸಬರಿಗೆ ಕಡೆಯ ದಿನ ಸೆಪ್ಟೆಂಬರ್ 15 ಇದ್ದರೂ ಕಾಲೇಜುಗಳ ಸ್ವಂತ ಗಡುವು ಅದಕ್ಕಿಂತ ತಿಂಗಳುಗಟ್ಟಲೆ ಮೊದಲೇ ಬರುತ್ತದೆ.

ಮುಂದೆ ಯಾವುದಾದರೂ ವರ್ಷ ಕೆಲಸ ಹೋದರೆ, ಎರಡು ವರ್ಷ ಹಿಂದಿನ ಆದಾಯ ಹಿಡಿದು ಕೂರಬೇಡಿ ಎಂದು ಕಾಲೇಜಿನ ನೆರವು ಕಚೇರಿಗೆ ಬರೆಯಿರಿ. ಇದಕ್ಕೆ ಪ್ರೊಫೆಷನಲ್ ಜಡ್ಜ್‌ಮೆಂಟ್ ಎನ್ನುತ್ತಾರೆ. ಕೆಲಸದಿಂದ ತೆಗೆದ ಪತ್ರ, ಕೊನೆಯ ಪೇ ಸ್ಟಬ್, ನಿರುದ್ಯೋಗ ಭತ್ಯೆಯ ಕಾಗದ ಲಗತ್ತಿಸಿ. ಮೊದಲ ವರ್ಷ ಇಷ್ಟು ಬಂದಿತ್ತು, ಈಗ ಕಡಿಮೆಯಾಯಿತು ಎಂಬ ಅಳಲನ್ನು ಮಾತ್ರ ಆ ಕಚೇರಿ ಕಾರಣವೆಂದು ಪರಿಗಣಿಸುವುದಿಲ್ಲ.