ಪಾರ್ಸೆಲ್ ಬರಲಿಲ್ಲ, ಯಾರನ್ನು ಕೇಳುವುದು? ಓದುಗರ ಪ್ರಶ್ನೆಗೆ ಉತ್ತರ

ದಸರಾ, ದೀಪಾವಳಿ ಆಫರ್ ಶುರುವಾದರೆ ಸಾಕು, ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಕೊರಿಯರ್ ಬಗ್ಗೆಯೇ ಇರುತ್ತವೆ. ಈ ಸಲ ಮೈಸೂರು, ಮಂಡ್ಯ ಎರಡೂ ಕಡೆಯಿಂದ ಬಂದಿವೆ. ಹೆಸರು ಹಾಕಬೇಡಿ ಅಂತ ಕೇಳಿದವರು ಜಾಸ್ತಿ, ಹಾಗಾಗಿ ಊರು, ಬಡಾವಣೆ ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನಾನು ಮನೆಯಲ್ಲೇ ಇರುವವಳು. ಮಗನ ಪರೀಕ್ಷೆಗೆ ಪುಸ್ತಕಗಳ ಸೆಟ್ ತರಿಸಿದ್ದೆ. ಇವತ್ತು ಬರುತ್ತೆ ಅಂತ ಮೆಸೇಜ್ ಬಂದಿದ್ದರಿಂದ ಬೆಳಗ್ಗೆಯಿಂದ ಹಾಲ್ ಬಿಟ್ಟು ಕದಲಲಿಲ್ಲ. ಸಂಜೆ ನೋಡಿದರೆ 'ಡೆಲಿವರಿಗೆ ಬಂದಿದ್ದೆವು, ಗ್ರಾಹಕರು ಮನೆಯಲ್ಲಿ ಇರಲಿಲ್ಲ' ಅಂತ ಇದೆ. ಬೆಲ್ ಹೊಡೆದಿಲ್ಲ, ಫೋನ್ ಮಾಡಿಲ್ಲ. ಮಾರನೇ ದಿನವೂ ಹೀಗೇ ಆಯಿತು. ಆಮೇಲೆ ಪಾರ್ಸೆಲ್ ವಾಪಸ್ ಹೋಯಿತು. ಹೀಗೆ ಸುಳ್ಳು ಹೇಳುವುದು ಸರೀನಾ?
ಕುವೆಂಪುನಗರ, ಮೈಸೂರು

ಉತ್ತರ: ಖಂಡಿತ ಸರಿಯಲ್ಲಮ್ಮ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಈ ಸುಳ್ಳು ಎಲ್ಲಿ ಹುಟ್ಟುತ್ತದೆ ಅಂತ ಗೊತ್ತಿದ್ದರೆ ಯಾರನ್ನು ಹಿಡಿದು ಕೇಳಬೇಕು ಅನ್ನುವುದೂ ಗೊತ್ತಾಗುತ್ತದೆ.

ಬೆಳಗ್ಗೆ ಗೋಡೌನಿನಲ್ಲಿ ಒಬ್ಬೊಬ್ಬ ಹುಡುಗನ ಚೀಲಕ್ಕೆ ಪಾರ್ಸೆಲ್ ತುಂಬಿ ಕಳಿಸುತ್ತಾರೆ. ಹಬ್ಬದ ದಿನಗಳಲ್ಲಿ ಬೈಕಿನ ಹಿಂದೆ, ಮುಂದೆ, ಕಾಲಿನ ಹತ್ತಿರವೂ ಡಬ್ಬಗಳೇ. ಕತ್ತಲಾಗುವ ಹೊತ್ತಿಗೆ ಪ್ರತಿ ಪಾರ್ಸೆಲ್ಲಿಗೂ ಫೋನಿನಲ್ಲಿ ಏನಾದರೂ ಒಂದು ಒತ್ತಲೇಬೇಕು: ಕೊಟ್ಟಾಯಿತು, ಬಾಗಿಲು ಹಾಕಿತ್ತು, ವಿಳಾಸ ಸಿಗಲಿಲ್ಲ, ನಾಳೆ ಬನ್ನಿ ಅಂದರು. 'ನನಗೆ ಹೊತ್ತು ಸಾಲಲಿಲ್ಲ' ಅಂತ ಒಪ್ಪಿಕೊಂಡರೆ ಬೈಗುಳ ಅವನಿಗೇ. ಹಾಗಾಗಿ 'ಗ್ರಾಹಕರು ಮನೆಯಲ್ಲಿಲ್ಲ' ಅಂತ ಒತ್ತಿಬಿಡುತ್ತಾನೆ. ಅವನು ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಬ್ಬನ ಕೈಯಲ್ಲಿ ಮುಗಿಯದಷ್ಟು ಪಾರ್ಸೆಲ್ ಹೊರಿಸಿ, ಅವನು ಒತ್ತಿದ್ದನ್ನು ಪರೀಕ್ಷೆ ಕೂಡ ಮಾಡದೆ ನಿಮಗೆ ಮೆಸೇಜ್ ಕಳಿಸಿದ್ದು ಕಂಪನಿ. ಕೇಳಬೇಕಾದದ್ದು ಅವರನ್ನು.

ಅದೇ ದಿನ ರಾತ್ರಿ ಆ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದಿಡಿ. ನಿಮ್ಮ ಫೋನಿನ ಕಾಲ್ ಲಿಸ್ಟ್‌ನದೂ ಒಂದು ತೆಗೆದಿಡಿ, ಕರೆ ಬಂದಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ. ಎದುರು ಮನೆಯಲ್ಲಿ ಕ್ಯಾಮೆರಾ ಇದ್ದರೆ ಆ ಹೊತ್ತಿನದನ್ನು ಕೇಳಿ ಪಡೆಯಿರಿ, ಕೆಲವು ದಿನ ಬಿಟ್ಟರೆ ಅಳಿಸಿಹೋಗುತ್ತದೆ. ಆಮೇಲೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಗಂಟಲು ಹರಿದುಕೊಳ್ಳುವ ಬದಲು ಬರವಣಿಗೆಯಲ್ಲಿ ಕಳಿಸಿ. ಹೀಗೆ ಬರೆದರೆ ಸಾಕು: 'ಇಂಥ ದಿನ ಇಡೀ ದಿನ ಮನೆಯಲ್ಲಿದ್ದೆ. ಯಾರೂ ಬಂದಿಲ್ಲ, ಕರೆಯೂ ಇಲ್ಲ. ಬಂದಿದ್ದರೆ ಆ ಹೊತ್ತಿನ ಜಿಪಿಎಸ್ ಜಾಗ ಮತ್ತು ಕರೆ ಮಾಡಿದ ದಾಖಲೆ ಕೊಡಿ.' ಈ ಒಂದು ಸಾಲಿಗೆ ಬೆಲೆ ಇದೆ, ಯಾಕೆಂದರೆ ಬಾರದೇ ಇದ್ದ ಹುಡುಗನ ಜಿಪಿಎಸ್ ನಿಮ್ಮ ಬೀದಿ ತೋರಿಸುವುದಿಲ್ಲ.

ಯಾರಿಗೆ ಬರೆಯಬೇಕು? ನೀವು ದುಡ್ಡು ಕೊಟ್ಟ ಆನ್‌ಲೈನ್ ಅಂಗಡಿಗೆ. ಕೊರಿಯರ್ ಆರಿಸಿದ್ದು ಅವರು, ನೀವಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ವಿವರವನ್ನು ತಮ್ಮ ಆ್ಯಪ್ ಅಥವಾ ಜಾಲತಾಣದಲ್ಲಿ ಹಾಕಿರಲೇಬೇಕು. ದೂರು ತಲುಪಿತು ಅಂತ 48 ಗಂಟೆಯೊಳಗೆ ಹೇಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಹೇಳಿದ ದಿನಕ್ಕಿಂತ ತಡವಾಗಿ ಬಂದ ಸಾಮಾನನ್ನು ನೀವು ಬೇಡ ಅಂದರೆ, ನೆರೆ, ಬಂದ್ ಥರದ ಕಾರಣ ಇಲ್ಲದಿದ್ದರೆ ಮಾರಿದವರು ಹಣ ವಾಪಸ್ ಕೊಡುವುದಿಲ್ಲ ಅನ್ನುವ ಹಾಗಿಲ್ಲ. ಅಲ್ಲೂ ಕೆಲಸ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಕಂಪನಿ ಎಲ್ಲೇ ಇರಲಿ, ನೀವು ವಾಸ ಇರುವ ಮೈಸೂರಿನಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯ ಅಲ್ಲ, 2 ವರ್ಷದೊಳಗೆ ಕೊಡಬೇಕು ಅಷ್ಟೇ. ಆನ್‌ಲೈನಿನಲ್ಲಿ ಕೊಡುವುದಾದರೆ ಇ-ಜಾಗೃತಿ ಪೋರ್ಟಲ್ ಇದೆ.

ಪ್ರಶ್ನೆ: ನಮ್ಮದು ಕೆಳಗಡೆ ಮನೆ. ಕೊರಿಯರ್ ಹುಡುಗ ಮಿಕ್ಸಿ ಜಾರ್ ಇದ್ದ ಡಬ್ಬವನ್ನು ಗೇಟಿನ ಮೇಲಿಂದ ಒಳಗೆ ಎಸೆದು ಫೋಟೊ ತೆಗೆದು ಹೋಗಿದ್ದಾನೆ. ತೆಗೆದು ನೋಡಿದರೆ ಜಾರಿನ ಹಿಡಿ ಮುರಿದಿತ್ತು. ಫೋಟೊದಲ್ಲಿ ಡಬ್ಬ ಚೆನ್ನಾಗೇ ಇದೆ, ನೀವೇ ಬೀಳಿಸಿರಬೇಕು ಅಂತ ಉತ್ತರ ಬಂತು.
ಸುಭಾಷ್ ನಗರ, ಮಂಡ್ಯ

ಉತ್ತರ: ಮುಚ್ಚಿದ ಡಬ್ಬದ ಫೋಟೊ ಒಳಗಿರುವ ಜಾರಿಗೆ ಸಾಕ್ಷಿ ಆಗುವುದಿಲ್ಲ. ಅದನ್ನೇ ಅವರಿಗೆ ಬರೆಯಿರಿ. ಅವರ ಫೋಟೊವನ್ನೇ ದೊಡ್ಡದು ಮಾಡಿ ನೋಡಿ, ಡಬ್ಬ ಗೇಟಿನ ಒಳಗೆ ನೆಲದ ಮೇಲೆ ಬಿದ್ದಿದ್ದರೆ, ಗೇಟಿಗೆ ಬೀಗ ಇದ್ದರೆ, ಅದು ಅಲ್ಲಿಗೆ ಹೇಗೆ ಬಂತು ಅಂತ ಅವರೇ ಹೇಳಬೇಕಾಗುತ್ತದೆ. ಹಾಳಾದ ಸಾಮಾನು ವಾಪಸ್ ತೆಗೆದುಕೊಳ್ಳುವುದಿಲ್ಲ ಅನ್ನಲು ಮಾರಿದವರಿಗೆ ನಿಯಮದಲ್ಲಿ ಅವಕಾಶ ಇಲ್ಲ.

ಮುಂದಿನ ಸಲಕ್ಕೆ ಒಂದು ಮಾತು. ಡಬ್ಬ ಬಿಚ್ಚುವ ಮೊದಲೇ ಮೊಬೈಲಿನಲ್ಲಿ ವಿಡಿಯೊ ಶುರು ಮಾಡಿ. ಆರೂ ಮಗ್ಗುಲು ತೋರಿಸಿ, ವಿಳಾಸದ ಚೀಟಿ ತೋರಿಸಿ, ಟೇಪ್ ಕತ್ತರಿಸುವುದರಿಂದ ಹಿಡಿದು ಸಾಮಾನು ಹೊರಗೆ ಬರುವವರೆಗೂ ನಿಲ್ಲಿಸದೆ ಒಂದೇ ಸಲ ತೆಗೆಯಿರಿ. ಮಧ್ಯೆ ನಿಲ್ಲಿಸಿ ಮತ್ತೆ ಶುರು ಮಾಡಿದ ವಿಡಿಯೊವನ್ನು ಒಪ್ಪದೆ ತಕರಾರು ತೆಗೆಯುತ್ತಾರೆ. ಮಕ್ಕಳ ಕೈಗೆ ಫೋನ್ ಕೊಟ್ಟರೂ ಆಯಿತು, ಖುಷಿಯಿಂದ ಮಾಡುತ್ತಾರೆ.

ಪ್ರಶ್ನೆ: 'ಸಾರ್, ಗೇಟ್ ಹತ್ರಾನೇ ಇದ್ದೀನಿ, ಒಟಿಪಿ ಹೇಳಿ' ಅಂತ ಫೋನ್ ಬಂತು. ಆಫೀಸಿನಲ್ಲಿದ್ದೆ, ಹೇಳಿಬಿಟ್ಟೆ. ಮನೆಗೆ ಬಂದರೆ ಪಾರ್ಸೆಲ್ ಇಲ್ಲ. ಕೊಟ್ಟಾಗಿದೆ ಅನ್ನುತ್ತಿದ್ದಾರೆ.
ಬೋಗಾದಿ, ಮೈಸೂರು

ಉತ್ತರ: ಮೊದಲು ಅಕ್ಕಪಕ್ಕದ ಮನೆ, ಮೀಟರ್ ಬಾಕ್ಸ್, ಚಪ್ಪಲಿ ಸ್ಟ್ಯಾಂಡ್ ಎಲ್ಲಾ ನೋಡಿಬಿಡಿ. ಬೆಳಗ್ಗೆ ಇಟ್ಟದ್ದು ರಾತ್ರಿ ಸಿಕ್ಕ ಉದಾಹರಣೆ ಬೇಕಾದಷ್ಟಿದೆ. ಇಲ್ಲದಿದ್ದರೆ ಇವತ್ತೇ ಅಂಗಡಿಗೆ ಬರೆಯಿರಿ, ಯಾವ ನಂಬರಿನಿಂದ ಎಷ್ಟು ಹೊತ್ತಿಗೆ ಕರೆ ಬಂತು ಅಂತ ಸೇರಿಸಿ. ಒಟಿಪಿ ಕೊಟ್ಟದ್ದು ನಿಮ್ಮ ವಿರುದ್ಧ ಹೋಗುತ್ತದೆ ನಿಜ, ಆದರೆ ಅಷ್ಟಕ್ಕೇ ಕೇಸು ಮುಗಿಯುವುದಿಲ್ಲ. ಪಾರ್ಸೆಲ್ ಯಾರ ಕೈಗೆ ಕೊಟ್ಟರು, ಫೋಟೊ ಎಲ್ಲಿ, ಅದನ್ನು ಅವರು ತೋರಿಸಲಿ.

ಉಳಿದ ಓದುಗರಿಗೂ ಹೇಳುತ್ತೇನೆ. ಒಟಿಪಿ ಅಂದರೆ ಸಾಮಾನು ನನ್ನ ಕೈ ಸೇರಿತು ಅಂತ ಹಾಕಿದ ಸಹಿ. ಪಾರ್ಸೆಲ್ ಕಣ್ಣಿಗೆ ಕಾಣುವವರೆಗೆ ಹೇಳಬೇಡಿ. ಮನೆಯಲ್ಲಿ ಅತ್ತೆ, ಮಾವ ಇದ್ದರೆ ಹುಡುಗ ಬಂದಾಗ ಅವರಿಂದಲೇ ಫೋನ್ ಮಾಡಿಸಿಕೊಂಡು ಆಗ ಹೇಳಿ. ಬೆಲೆ ಬಾಳುವ ವಸ್ತುವಾದರೆ, ಎದುರಿಗೇ ಡಬ್ಬ ಬಿಚ್ಚಿ ತೋರಿಸುವ ಡೆಲಿವರಿ ಇದ್ದರೆ ಅದನ್ನೇ ಆರಿಸಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಪ್ರತಿ ಸಲವೂ 'ವಿಳಾಸ ಸಿಗ್ತಾ ಇಲ್ಲ, ಮೇನ್ ರೋಡಿಗೆ ಬನ್ನಿ' ಅನ್ನುತ್ತಾರೆ. ಮಂಡಿ ನೋವು, ನಡೆಯಲು ಆಗುವುದಿಲ್ಲ. ಒಮ್ಮೆಯಂತೂ ಪಾರ್ಸೆಲ್ ಬೆಂಗಳೂರಿಗೆ ಹೋಗಿತ್ತು!
ವಿಜಯನಗರ 4ನೇ ಹಂತ, ಮೈಸೂರು

ಉತ್ತರ: ಮೇಷ್ಟ್ರೇ, ಮನೆ ಬಾಗಿಲಿಗೆ ಅಂತ ದುಡ್ಡು ಕೊಟ್ಟ ಮೇಲೆ ನೀವು ಮೇನ್ ರೋಡಿಗೆ ನಡೆದು ಹೋಗಬೇಕಾಗಿಲ್ಲ. 'ಮಂಡಿ ನೋವಿದೆ, ಮನೆಗೇ ತನ್ನಿ' ಅಂತ ಹೇಳಿ, ಬಹಳಷ್ಟು ಹುಡುಗರು ಬರುತ್ತಾರೆ.

ಆದರೆ ನಮ್ಮ ಊರಿನ ವಿಳಾಸಗಳ ಗೋಜಲು ನಿಮಗೂ ಗೊತ್ತು. ವಿಜಯನಗರ, ಜಯನಗರ, ಜೆ.ಪಿ. ನಗರ, ಹೆಬ್ಬಾಳ ಎಲ್ಲವೂ ಬೆಂಗಳೂರಿನಲ್ಲೂ ಇವೆ, ಮೈಸೂರಿನಲ್ಲೂ ಇವೆ. ಒಂದೇ ವಿಜಯನಗರದಲ್ಲಿ ನಾಲ್ಕು ಹಂತ. ಹಂತ ಬಿಟ್ಟು ಬರೀ ಮೇನ್, ಕ್ರಾಸ್ ಬರೆದರೆ ಹುಡುಗ ಬೇರೆ ಹಂತದಲ್ಲಿ ಸುತ್ತುತ್ತಿರುತ್ತಾನೆ. ಅದರ ಮೇಲೆ ಮನೆ ನಂಬರ್, ಸೈಟ್ ನಂಬರ್, ಹಳೇ ನಂಬರ್, ಹೊಸ ನಂಬರ್! ಒಂದೇ ಹೆಸರಿನ ಊರುಗಳ ಈ ಗೊಂದಲ ತಪ್ಪಿಸಲೆಂದೇ 1972ರ ಆಗಸ್ಟ್ 15ರಂದು ಪಿನ್ ಕೋಡ್ ಜಾರಿಗೆ ಬಂದದ್ದು. ಬೆಂಗಳೂರು ನಗರದ್ದು 560ರಿಂದ, ಮೈಸೂರು ನಗರದ್ದು 570ರಿಂದ, ಮಂಡ್ಯದ್ದು 571ರಿಂದ ಶುರು. ಒಂದು ಅಂಕಿ ತಪ್ಪಿದರೆ ಪಾರ್ಸೆಲ್ ಬೇರೆ ಲಾರಿ ಹತ್ತುತ್ತದೆ. ಆ್ಯಪಿನಲ್ಲಿ ಉಳಿಸಿಟ್ಟ ವಿಳಾಸ ತೆರೆದು ಪಿನ್ ಸರಿ ಇದೆಯಾ ಅಂತ ಮೊಮ್ಮಕ್ಕಳ ಹತ್ತಿರ ಒಮ್ಮೆ ನೋಡಿಸಿ. ಹಂತವನ್ನು ಮೊದಲ ಸಾಲಿನಲ್ಲೇ ಬರೆಸಿ. ಕೊನೆಯಲ್ಲಿ ಹತ್ತಿರದ ದೇವಸ್ಥಾನವೋ ನೀರಿನ ಟ್ಯಾಂಕೋ ಒಂದು ಗುರುತು ಇರಲಿ, ಬದಲಾಗುವ ಅಂಗಡಿ ಹೆಸರು ಬೇಡ. ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ಅಂತ ತಂದಿದೆ. ಸುಮಾರು 4 ಮೀಟರ್ ಉದ್ದ, 4 ಮೀಟರ್ ಅಗಲದ ಜಾಗಕ್ಕೂ 10 ಅಕ್ಷರ, ಅಂಕಿಗಳ ಒಂದು ಗುರುತು. ಎಲ್ಲ ಕೊರಿಯರಿನವರೂ ಇದನ್ನು ಬಳಸುತ್ತಿಲ್ಲ, ಸದ್ಯಕ್ಕೆ ಮ್ಯಾಪಿನ ಲೊಕೇಶನ್ ಕಳಿಸುವುದೇ ಸುಲಭ.

ಪ್ರಶ್ನೆ: ನಮ್ಮದು ಹಳ್ಳಿ. 'ಅಲ್ಲಿಗೆಲ್ಲಾ ಬರಲ್ಲ, ಮಂಡ್ಯಕ್ಕೆ ಬಂದು ತಗೊಂಡು ಹೋಗಿ' ಅನ್ನುತ್ತಾರೆ. ಕೂಲಿ ಬಿಟ್ಟು ಹೋಗಬೇಕು.
ಮಂಡ್ಯ ತಾಲ್ಲೂಕು

ಉತ್ತರ: ಆರ್ಡರ್ ಮಾಡುವಾಗ ನಿಮ್ಮ ಪಿನ್ ಹಾಕಿದಾಗ 'ಇಲ್ಲಿಗೆ ತಲುಪಿಸುತ್ತೇವೆ' ಅಂತ ತೋರಿಸಿ ದುಡ್ಡು ತೆಗೆದುಕೊಂಡಿದ್ದರೆ ಮನೆಗೇ ತರಬೇಕು. ಒಂದು ದಿನದ ಕೂಲಿ ಹೋಯಿತು ಅಂದರೆ ಅದು ಸಣ್ಣ ವಿಷಯ ಅಲ್ಲ, ದೂರಿನಲ್ಲಿ ಅದನ್ನೂ ಬರೆಯಿರಿ. ಬರಲ್ಲ ಅಂದವರಿಗೆ 'ಹಾಗಂತ ಮೆಸೇಜ್ ಹಾಕಿ' ಅನ್ನಿ. ಬಾಯಿಮಾತಿನಲ್ಲಿ ಸುಲಭವಾಗಿ ಹೇಳುವುದನ್ನು ಬರೆದು ಕೊಡಲು ಹಿಂಜರಿಯುತ್ತಾರೆ. ಊರಿಗೆ ನಿಜವಾಗಿ ಬರುವವರು ಅಂಚೆಯವರು. ಕಳಿಸುವವರು ನಿಮ್ಮ ಪರಿಚಯದವರಾದರೆ ಸ್ಪೀಡ್ ಪೋಸ್ಟ್ ಮಾಡಲು ಹೇಳಿ. ರಿಜಿಸ್ಟರ್ಡ್ ಪೋಸ್ಟ್ ಕೂಡ 2025ರಲ್ಲಿ ಅದರಲ್ಲೇ ಸೇರಿಹೋಗಿದೆ.

ಪ್ರಶ್ನೆ: ಪುಣೆಯಲ್ಲಿರುವ ಮಗಳ ಸೀಮಂತಕ್ಕೆ ಮೈಸೂರು ಸಿಲ್ಕ್ ಸೀರೆ, ಜೊತೆಗೆ ಚಟ್ನಿಪುಡಿ ಕೊರಿಯರ್ ಮಾಡಿದ್ದೆ. ಕಳೆದುಹೋಯಿತು. ರಸೀದಿಯ ಹಿಂದೆ ಬರೆದಿದೆ, 100 ರೂಪಾಯಿ ಮಾತ್ರ ಕೊಡುತ್ತೇವೆ ಅನ್ನುತ್ತಿದ್ದಾರೆ.
ಸರಸ್ವತಿಪುರಂ, ಮೈಸೂರು

ಉತ್ತರ: ಓದಿ ಬಹಳ ಬೇಜಾರಾಯಿತಮ್ಮ. ಆ ಸೀರೆ ಮತ್ತೆ ಕೊಂಡರೂ ಸೀಮಂತದ ದಿನ ಮತ್ತೆ ಬರಲ್ಲ.

ಕಾನೂನು ಇಲ್ಲಿ ಸ್ವಲ್ಪ ತೊಡಕಿನದು. ಹೊಣೆ ಇಷ್ಟೇ ಅಂತ ಮಿತಿ ಬರೆದ ಕಾಗದಕ್ಕೆ ಸಹಿ ಹಾಕಿದ್ದರೆ ಆ ಮಿತಿಗೆ ಒಪ್ಪಿದಂತೆ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಆದರೆ ಸಹಿಯೇ ಇಲ್ಲದ, ಯಾರೂ ಓದಿ ಹೇಳದ ಸಣ್ಣ ಅಕ್ಷರದ ಷರತ್ತನ್ನು ಗ್ರಾಹಕ ಆಯೋಗಗಳು ಹಲವು ಪ್ರಕರಣಗಳಲ್ಲಿ ಒಪ್ಪಿಲ್ಲ. ಹಾಗಾಗಿ ಮೊದಲು ರಸೀದಿ ತೆಗೆದು ನಿಮ್ಮ ಸಹಿ ಇದೆಯಾ ನೋಡಿ. ಇಲ್ಲದಿದ್ದರೆ ಆ 100 ರೂಪಾಯಿ ತೆಗೆದುಕೊಂಡು 'ಇತ್ಯರ್ಥವಾಯಿತು' ಅಂತ ಬರೆದುಕೊಡಬೇಡಿ. ಸೀರೆಯ ಬಿಲ್ಲು, ರಸೀದಿ, ಟ್ರ್ಯಾಕಿಂಗ್ ಎಲ್ಲಿ ನಿಂತಿತು ಅನ್ನುವುದರ ಪ್ರತಿ ಇಟ್ಟು ನೋಟಿಸ್ ಕೊಡಿ, ಆಮೇಲೆ ಆಯೋಗಕ್ಕೆ ಹೋಗಿ.

ಬೆಲೆಯುಳ್ಳದ್ದನ್ನು ಕಳಿಸುವವರೆಲ್ಲ ಕೌಂಟರಿನಲ್ಲೇ ಬೆಲೆ ಬರೆಸಿ, ವಿಮೆ ಮಾಡಿಸಿ. ಅಂಚೆಯಲ್ಲೂ ವಿಮೆ ಸೌಲಭ್ಯ ಇದೆ. ಸ್ವಲ್ಪ ದುಡ್ಡು ಜಾಸ್ತಿ ಆಗುತ್ತದೆ, ಆಗಲಿ.

ಪ್ರಶ್ನೆ: ಎಲ್ಲರೂ ನಮ್ಮ ಮೇಲೆ ದೂರು ಹೇಳ್ತಾರೆ. ನಾನೇ ಡೆಲಿವರಿ ಹುಡುಗ. ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ಹತ್ತಿದರೆ 'ಅರ್ಧ ಗಂಟೆ ಬಿಟ್ಟು ಬಾ' ಅಂತಾರೆ. ಹತ್ತು ಸಲ ಫೋನ್ ಮಾಡಿದರೂ ಎತ್ತಲ್ಲ. ಪೆಟ್ರೋಲ್ ನಂದೇ, ಬೈಕ್ ನಂದೇ. ನಮ್ಮ ಕಷ್ಟ ಯಾರಿಗೆ ಹೇಳೋಣ?
ಮೇಟಗಳ್ಳಿ, ಮೈಸೂರು

ಉತ್ತರ: ಈ ಪತ್ರ ಬಂದದ್ದು ಒಳ್ಳೇದಾಯಿತು ತಮ್ಮಾ. ಮೇಲಿನ ಪ್ರಶ್ನೆ ಕಳಿಸಿದವರೆಲ್ಲ ಇದನ್ನು ಓದಬೇಕು. 'ಬಾ, ಹೋಗು' ಅಂತ ಏಕವಚನದಲ್ಲಿ ಕರೆಯುವುದು, ಬಿಸಿಲಲ್ಲಿ ಗೇಟಿನ ಹೊರಗೆ ನಿಲ್ಲಿಸಿಕೊಂಡು ಒಟಿಪಿ ಹುಡುಕುವುದು, ಕಂಪನಿಯ ಮೇಲಿನ ಸಿಟ್ಟನ್ನು ಬಾಗಿಲಿಗೆ ಬಂದವನ ಮೇಲೆ ತೀರಿಸಿಕೊಳ್ಳುವುದು ನನಗೆ ಒಂದಿಷ್ಟೂ ಹಿಡಿಸುವುದಿಲ್ಲ. ಪಾರ್ಸೆಲ್ ಬರುವ ದಿನ ಫೋನ್ ಎತ್ತಬೇಕು. ಅಷ್ಟೂ ಮಾಡದವರು 'ಮನೆಯಲ್ಲಿಲ್ಲ' ಅಂತ ಬರೆದರೆ ದೂರುವ ಹಾಗಿಲ್ಲ.

ನೀವು ಆ್ಯಪ್ ಮೂಲಕ ಕೆಲಸ ಮಾಡುವವರಾದರೆ ಕರ್ನಾಟಕದಲ್ಲಿ ಗಿಗ್ ಕಾರ್ಮಿಕರಿಗೆ 2025ರಲ್ಲಿ ಕಾನೂನು ಬಂದಿದೆ. ಕಲ್ಯಾಣ ಮಂಡಳಿ ಇದೆ. ನಿಮಗೆ ಕೊಡುವ ಹಣದ ಶೇ 1ರಿಂದ 5ರವರೆಗೆ ಕಂಪನಿಗಳೇ ಬೇರೆಯಾಗಿ ಕಲ್ಯಾಣ ನಿಧಿಗೆ ಕಟ್ಟಬೇಕು. ಕಾರಣ ಬರೆದು ಕೊಡದೆ, 14 ದಿನದ ಮುಂಚೆ ತಿಳಿಸದೆ ಸುಮ್ನೆ ಐಡಿ ಬ್ಲಾಕ್ ಮಾಡಿ ಕೆಲಸದಿಂದ ತೆಗೆಯುವ ಹಾಗಿಲ್ಲ. ರಾಜ್ಯದ ವಿಮಾ ಯೋಜನೆಯಲ್ಲಿ ಅಪಘಾತದಲ್ಲಿ ಜೀವ ಹೋದರೆ ಕುಟುಂಬಕ್ಕೆ 4 ಲಕ್ಷ ರೂಪಾಯಿ ಇದೆ. ಮೈಸೂರಿನ ಕಾರ್ಮಿಕ ಇಲಾಖೆ ಕಚೇರಿಗೆ ಒಮ್ಮೆ ಹೋಗಿ ನೋಂದಣಿ ಬಗ್ಗೆ ವಿಚಾರಿಸಿ, ಗೆಳೆಯರನ್ನೂ ಕರೆದುಕೊಂಡು ಹೋಗಿ. ಮತ್ತೆ ಒಂದು ಕೇಳಿಕೆ: ಹೊತ್ತು ಸಾಲದಿದ್ದರೆ ಗ್ರಾಹಕರಿಗೆ ಒಂದು ಮೆಸೇಜ್ ಹಾಕಿ, 'ಇವತ್ತು ಆಗಲ್ಲ, ನಾಳೆ ತರ್ತೀನಿ' ಅಂತ. ಕಾಯುತ್ತಾ ಕೂತವರಿಗೆ ಅಷ್ಟು ಸಾಕು.

ಪ್ರಶ್ನೆ: ನಾವು ಕೆಲಸಕ್ಕೆ ಹೋದಾಗ ನಮ್ಮ ತಾಯಿ ಯಾವುದೋ ಪಾರ್ಸೆಲ್ಲಿಗೆ 799 ರೂಪಾಯಿ ಕೊಟ್ಟಿದ್ದಾರೆ. ನಾವು ಏನೂ ತರಿಸಿರಲಿಲ್ಲ. ಇನ್ನೊಮ್ಮೆ 'ಕೊರಿಯರಿಂದ ಮಾತಾಡ್ತಿದೀನಿ, ಈ ನಂಬರ್ ಒತ್ತಿ' ಅಂತ ಫೋನ್ ಕೂಡ ಬಂದಿತ್ತಂತೆ.
ಮದ್ದೂರು

ಉತ್ತರ: ತರಿಸದೇ ಇದ್ದದ್ದಕ್ಕೆ ದುಡ್ಡು ಕೊಡಬೇಕಾಗಿಲ್ಲ. 'ನಮ್ಮದಲ್ಲ, ವಾಪಸ್ ತಗೊಂಡು ಹೋಗಪ್ಪಾ' ಅಂದರೆ ಸಾಕು. ಏನಾದರೂ ತರಿಸಿದ್ದರೆ ಬೆಳಗ್ಗೆ ಹೊರಡುವಾಗಲೇ ತಾಯಿಯವರಿಗೆ ಹೇಳಿ ಹೋಗಿ, ಹೇಳದೇ ಬಂದದ್ದನ್ನು ಅವರು ತೆಗೆದುಕೊಳ್ಳುವುದು ಬೇಡ.

ಫೋನಿನ ವಿಷಯ ಇನ್ನೂ ಗಂಭೀರ. *401* ಅಥವಾ *21* ಅಂತ ಶುರುವಾಗುವ ನಂಬರ್ ಒತ್ತಿಸಿದರೆ ನಿಮಗೆ ಬರುವ ಕರೆಗಳು ಅವರ ಫೋನಿಗೆ ತಿರುಗುತ್ತವೆ. ಬ್ಯಾಂಕಿನಿಂದ ಕರೆಯಲ್ಲಿ ಬರುವ ಒಟಿಪಿಯೂ ಅವರಿಗೇ ಸಿಗುತ್ತದೆ. ತಾಯಿಯವರು ಒತ್ತಿದ್ದಾರೋ ಇಲ್ಲವೋ, ಅವರ ಫೋನಿನಲ್ಲಿ ಇವತ್ತೇ ##002# ಒತ್ತಿ, ಹಾಗೆ ತಿರುಗಿಸಿದ್ದೆಲ್ಲ ರದ್ದಾಗುತ್ತದೆ. 'ನಿಮ್ಮ ವಿಳಾಸ ಅರ್ಧ ಇದೆ, ಲಿಂಕ್ ಒತ್ತಿ ಸರಿಮಾಡಿ' ಅಂತ ಅಂಚೆ ಇಲಾಖೆ ಹೆಸರಿನಲ್ಲಿ ಬರುವ ಮೆಸೇಜುಗಳೂ ಮೋಸದವು. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಎಷ್ಟು ಬೇಗ ಮಾಡಿದರೆ ಆ ಹಣವನ್ನು ಬ್ಯಾಂಕಿನಲ್ಲಿ ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ.